ಒಂದೇ ಅಕ್ಷಾಂಶ, ಬೇರೆ ಬೇರೆ ಹವೆ: ಮಂಗಳೂರು ಮತ್ತು ಲಿಮಾ

ಭೂಪಟವನ್ನು ಬಿಡಿಸಿ ನಮ್ಮ ಕಾಸರಗೋಡಿನ ನೆರೆಯ ಮಂಗಳೂರನ್ನು ಗುರುತಿಸಿರಿ. ಅದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾ 12 ಡಿಗ್ರಿ ದಕ್ಷಿಣದಲ್ಲಿದೆ. ಎರಡಕ್ಕೂ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಪರ್ವತಶ್ರೇಣಿ. ಆದುದರಿಂದ ಹವೆಯೂ ಒಂದೇ ಎಂದು ಊಹಿಸಿದರೆ ತಪ್ಪಾದೀತು. ಮಂಗಳೂರಿನಲ್ಲಿ ವರ್ಷಕ್ಕೆ 300 ಸೆಂ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಲಿಮಾದಲ್ಲಿ 2 ಸೆಂ.ಮೀ. ಕೂಡ ಬೀಳುವುದಿಲ್ಲ.

ಋತುಗಳು: ಲಿಮಾ ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಅಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಬೇಸಿಗೆ. ಆಗಲೂ ಹಗಲಿನ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮಾತ್ರ. ಆಗಸ್ಟ್ ಚಳಿಗಾಲ, ಹಗಲಿನಲ್ಲಿಯೂ 19 ಡಿಗ್ರಿಯ ಆಸುಪಾಸು. ತಿಂಗಳುಗಟ್ಟಲೆ ಮಂಜು ಮುಸುಕಿರುತ್ತದೆ, ಮಳೆ ಮಾತ್ರ ಇಲ್ಲ. ಮಂಗಳೂರಿನಲ್ಲಿ ಆಗಸ್ಟ್ ಎಂದರೆ ಮಳೆಗಾಲ.

ಕಾರಣ: ನಮ್ಮ ಅರಬೀ ಸಮುದ್ರ ಬೆಚ್ಚಗಿದೆ. ನೈಋತ್ಯ ಮಾರುತಗಳು ಅದರ ನೀರಾವಿಯನ್ನು ಹೊತ್ತು ತಂದು, ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ ಮಳೆ ಸುರಿಸುತ್ತವೆ. ಪೆರುವಿನ ಕರಾವಳಿಯುದ್ದಕ್ಕೂ ಹಂಬೋಲ್ಟ್ ಎಂಬ ಶೀತಪ್ರವಾಹ ಹರಿಯುತ್ತದೆ. ಆಳದ ತಣ್ಣೀರೂ ಮೇಲಕ್ಕೆ ಬರುತ್ತದೆ. ಅದರಿಂದ ಕೆಳಗಿನ ಗಾಳಿ ತಂಪಾಗಿ ಭಾರವಾಗುತ್ತದೆ. ಅದರ ಮೇಲೆ ಬಿಸಿಗಾಳಿ ಮುಚ್ಚಳದಂತೆ ಕೂತಿರುತ್ತದೆ. ಗಾಳಿ ಮೇಲೇರದೆ ಮಳೆಯಿಲ್ಲ. ಪೂರ್ವದಿಂದ ಬರುವ ಅಮೆಜಾನಿನ ತೇವವನ್ನು ಆಂಡೀಸ್ ಪರ್ವತ ತಡೆಯುತ್ತದೆ.

ನೀರು: ಹಾಗಾದರೆ ಲಿಮಾದ ಸುಮಾರು ಒಂದು ಕೋಟಿ ಜನರಿಗೆ ನೀರೆಲ್ಲಿಂದ? ಮುಖ್ಯವಾಗಿ ಆಂಡೀಸಿನಿಂದ ಇಳಿಯುವ ರಿಮಾಕ್ ನದಿಯಿಂದ. 2017ರಲ್ಲಿ ಕರಾವಳಿಯ ಕಡಲು ವಿಪರೀತ ಬಿಸಿಯಾಗಿ ಮಳೆ ಸುರಿದು ನದಿ ಕೆಸರಾದಾಗ, ನಗರದ ಬಹುಭಾಗಕ್ಕೆ ಕೆಲವು ದಿನ ನಲ್ಲಿನೀರು ನಿಂತುಹೋಯಿತು. ನಲ್ಲಿಯಿಲ್ಲದ ಗುಡ್ಡದ ಬಡವರು ಲಾರಿಯ ನೀರನ್ನು ಕೊಳ್ಳುತ್ತಾರೆ. ಕೆಲವೆಡೆ ದೊಡ್ಡ ಬಲೆ ಕಟ್ಟಿ ಮಂಜಿನ ಹನಿಗಳನ್ನೇ ಹಿಡಿಯುತ್ತಾರೆ.

ಇನ್ನು ನಮ್ಮ ಕಡೆ ನೋಡಿರಿ. ಇಷ್ಟು ಮಳೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನಲ್ಲಿ ಹರಿದು ಕಡಲು ಸೇರುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಹಿರಿಯರು ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ಒಸರುವ ನೀರನ್ನು ಮನೆಗೂ ತೋಟಕ್ಕೂ ತಂದರು. ಮಳೆ ಬರುವುದು ನಿಸರ್ಗದ ಕೊಡುಗೆ. ನೀರು ಉಳಿಯುವುದು ಮನುಷ್ಯನ ದುಡಿಮೆ.

ಅಭ್ಯಾಸ: ನಿಮ್ಮ ಮನೆಯ ಬಾವಿಯ ನೀರಿನ ಆಳವನ್ನು ಪ್ರತಿ ತಿಂಗಳ ಮೊದಲ ದಿನ ಹಗ್ಗದಿಂದ ಅಳೆದು, ಒಂದು ವರ್ಷ ಬರೆದಿಡಿರಿ.