ಶುದ್ಧ ಸಂಕೇತವೂ ಪುಟ್ಟ ದೀಪವೂ

ತಕ್ಕಡಿಯಲ್ಲಿಯೇ ದೋಷವಿದ್ದರೆ ವರ್ತಕನು ಎಷ್ಟು ಪ್ರಾಮಾಣಿಕನಾದರೂ ತೂಕವು ಸರಿಯಾಗಲಾರದು. ವಿದ್ಯುನ್ಮಂಡಲಗಳ ಪರೀಕ್ಷೆಗೂ ಈ ಮಾತು ಸಲ್ಲುತ್ತದೆ. ರೇಡಿಯೋ ಮೊದಲಾದ ಉಪಕರಣಗಳಲ್ಲಿರುವ ವರ್ಧಕವನ್ನು ಪರೀಕ್ಷಿಸುವಾಗ ನಾವು ಗೊತ್ತಾದ ಒಂದು ಸಂಕೇತವನ್ನು ಅದರೊಳಕ್ಕೆ ಕೊಟ್ಟು, ಹೊರಬರುವುದನ್ನು ಅದರೊಡನೆ ಹೋಲಿಸುತ್ತೇವೆ. ಹಾಗಾದರೆ ಕೊಡುವ ಸಂಕೇತವು ಎಂತಹದಿರಬೇಕು?

ಸಂಕೇತಗಳಲ್ಲೆಲ್ಲ ಸರಳವಾದುದು ಸೈನ್ ತರಂಗ. ಇದರಲ್ಲಿ ಒಂದೇ ಒಂದು ಕಂಪನಸಂಖ್ಯೆಯಿರುತ್ತದೆ. ಸೆಕೆಂಡಿಗೆ 1000 ಕಂಪನಗಳ ಶುದ್ಧ ತರಂಗವನ್ನು ಕೊಟ್ಟಾಗ, ಅದರ ಜೊತೆಗೆ 2000, 3000 ಕಂಪನಗಳ ತರಂಗಗಳೂ ಹೊರಟರೆ, ಅವು ವರ್ಧಕವು ತಾನಾಗಿ ಬೆರೆಸಿದ ಕಲ್ಮಶ. ಆದರೆ ಕೊಟ್ಟ ಸಂಕೇತದಲ್ಲಿಯೇ ಶೇಕಡ 1ರಷ್ಟು ಕಲ್ಮಶವಿದ್ದರೆ ವರ್ಧಕದ ಶೇಕಡ 0.1ರ ದೋಷವು ಕಾಣುವುದೆಂತು? ಒಳ್ಳೆಯ ಮಂಡಲವು ಕೆಟ್ಟುದೆನಿಸಬಹುದು. ಎರಡರ ಕಲ್ಮಶಗಳೂ ಒಂದನ್ನೊಂದು ಅಳಿಸಿಕೊಂಡರೆ ಕೆಟ್ಟುದೇ ಒಳ್ಳೆಯದೆನಿಸಬಹುದು.

ಶುದ್ಧ ತರಂಗವನ್ನು ಹುಟ್ಟಿಸುವ ಒಂದು ಪ್ರಸಿದ್ಧ ಉಪಾಯವನ್ನು ನೋಡೋಣ. ಜರ್ಮನಿಯ ಮ್ಯಾಕ್ಸ್ ವೀನ್ 1891ರಲ್ಲಿ ರೂಪಿಸಿದ ಸೇತುಮಂಡಲದಲ್ಲಿ ಎರಡು ರೋಧಕಗಳೂ ಎರಡು ಧಾರಕಗಳೂ ಸೇರಿದ ಒಂದು ಜಾಲವುಂಟು. ರೋಧಕಗಳು ತಲಾ 10,000 ಓಮ್, ಧಾರಕಗಳು ತಲಾ 0.01 ಮೈಕ್ರೋಫ್ಯಾರಡ್ ಆಗಿದ್ದರೆ, ಸೆಕೆಂಡಿಗೆ ಸುಮಾರು 1592 ಕಂಪನಗಳ ತರಂಗವೊಂದೇ ಹೆಜ್ಜೆ ತಪ್ಪದೆ ಇದನ್ನು ದಾಟಿಬರುತ್ತದೆ. ಆದರೆ ಅದರ ಎತ್ತರವು ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ವರ್ಧಕವು ಅದನ್ನು ಸರಿಯಾಗಿ ಮೂರು ಪಟ್ಟು ಹೆಚ್ಚಿಸಿ ಮತ್ತೆ ಜಾಲಕ್ಕೆ ಒಪ್ಪಿಸಿದರೆ ಆಂದೋಲನವು ನಿಲ್ಲದೆ ನಡೆಯುತ್ತದೆ.

ಕಷ್ಟವಿರುವುದು ಇಲ್ಲಿಯೇ. ಮೂರಕ್ಕಿಂತ ತುಸು ಕಡಿಮೆಯಾದರೆ ತರಂಗವು ನಂದಿಹೋಗುತ್ತದೆ. ತುಸು ಹೆಚ್ಚಾದರೆ ಬೆಳೆಬೆಳೆದು ವರ್ಧಕದ ಮಿತಿಯನ್ನು ಮುಟ್ಟಿ, ನೆತ್ತಿ ಚಪ್ಪಟೆಯಾಗಿ, ಶುದ್ಧಿಯನ್ನು ಕಳೆದುಕೊಳ್ಳುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ವಿಲಿಯಂ ಹ್ಯೂಲೆಟ್, 1939ರ ತಮ್ಮ ಪ್ರಬಂಧದಲ್ಲಿ ಇದಕ್ಕೊಂದು ಸುಲಭ ಪರಿಹಾರವನ್ನು ತೋರಿಸಿದರು. ವರ್ಧಕದ ಬಲವನ್ನು ನಿಯಮಿಸುವ ಸ್ಥಾನದಲ್ಲಿ ಅವರು ಒಂದು ಪುಟ್ಟ ವಿದ್ಯುದ್ದೀಪವನ್ನು ಇರಿಸಿದರು. ದೀಪದ ತಂತಿಯು ತಣ್ಣಗಿರುವಾಗ ರೋಧವು ಅಲ್ಪ, ವರ್ಧನೆಯು ಅಧಿಕ. ಆದುದರಿಂದ ಆಂದೋಲನವು ತಾನಾಗಿಯೇ ಆರಂಭವಾಗುತ್ತದೆ. ತರಂಗವು ಬೆಳೆದಂತೆ ತಂತಿಯು ಬಿಸಿಯಾಗಿ ರೋಧವು ಏರುತ್ತದೆ, ವರ್ಧನೆಯು ಇಳಿದು ಮೂರರಲ್ಲಿ ನಿಲ್ಲುತ್ತದೆ. ತಂತಿಯು ಬಿಸಿಯಾಗುವುದೂ ಆರುವುದೂ ನಿಧಾನವಾದುದರಿಂದ ಒಂದೊಂದು ಕಂಪನದ ಆಕಾರವೂ ಕೆಡುವುದಿಲ್ಲ. ಕಂಪನಗಳು ತೀರ ಮಂದವಾದಾಗ ಮಾತ್ರ ತಂತಿಯ ಶಾಖವು ತರಂಗದೊಡನೆ ಏರಿಳಿಯತೊಡಗಿ ಶುದ್ಧಿಯು ಕುಂದುತ್ತದೆ. ಈ ತತ್ತ್ವದ ಎಂಟು ಆಂದೋಲಕಗಳನ್ನು ವಾಲ್ಟ್ ಡಿಸ್ನಿಯವರ ಸಂಸ್ಥೆಯು ಕೊಂಡು, 1940ರ ‘ಫ್ಯಾಂಟೇಸಿಯ’ ಚಿತ್ರದ ಧ್ವನಿ ಉಪಕರಣಗಳ ಪರೀಕ್ಷೆಗೆ ಬಳಸಿತು.

ಇಂದು ಅಂಕಿಗಳಿಂದಲೇ ತರಂಗವನ್ನು ರಚಿಸುವ ಉಪಕರಣಗಳಿವೆ. ಆ ತರಂಗವು ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವುದರಿಂದ, ಹೆಚ್ಚಿನ ಕಂಪನಗಳನ್ನು ತಡೆಯುವ ಶೋಧಕದಲ್ಲಿ ಅದನ್ನು ಹಾಯಿಸಿ ನಯಗೊಳಿಸಬೇಕಾಗುತ್ತದೆ.

ಸಾಧನವು ಹಳೆಯದಿರಲಿ, ಹೊಸದಿರಲಿ, ಒಂದು ನಿಯಮವನ್ನು ನಾವು ಮರೆಯಲಾಗದು. ಮಂಡಲವನ್ನು ಪರೀಕ್ಷಿಸುವ ಮೊದಲು ಸಂಕೇತವನ್ನು ನೇರವಾಗಿ ಅಳೆಯುವ ಯಂತ್ರಕ್ಕೆ ಜೋಡಿಸಿ, ಅದರಲ್ಲಿಯೇ ಎಷ್ಟು ಕಲ್ಮಶವಿದೆಯೆಂದು ಬರೆದಿಟ್ಟುಕೊಳ್ಳಬೇಕು. ತನ್ನ ಅಳತೆಗೋಲನ್ನು ಮೊದಲು ಅಳೆದು ನೋಡಿದವನಿಗೇ ಇನ್ನೊಂದರ ತಪ್ಪನ್ನು ಹೇಳುವ ಅಧಿಕಾರವುಂಟು.