ಕರ್ನಲ್ ಸತ್ತ ಮೇಲೆ ಲೆಕ್ಕ ನೋಡುವವರು ಯಾರು?

ಕಾಮರ್ಸ್‌ನವರಿಗೆ ಮೆಮೊರಿ ವಿಷಯ ಯಾಕೆ ಎಂದು ಕೇಳಬೇಡಿ. ವರ್ಚುವಲ್ ಮೆಮೊರಿ ಎಂದರೆ ಖಾತೆ ಪುಸ್ತಕವೇ. ಇಡೀ ಮೆಮೊರಿ ತನ್ನದೇ ಎಂದು ಪ್ರತಿಯೊಂದು ಪ್ರೋಗ್ರಾಂ ತಿಳಿದಿರುತ್ತದೆ. ನಿಜವಾದ ರ‍್ಯಾಮ್ ಅನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ಹಂಚುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್. ಯಾವ ಪುಟ ಯಾರಿಗೆ ಎಂಬುದನ್ನು ಅದು ಪೇಜ್ ಟೇಬಲ್‌ನಲ್ಲಿ ಬರೆದಿಡುತ್ತದೆ.

ಆ ಪುಸ್ತಕದಲ್ಲೇ ತಪ್ಪಾದರೆ? ಒಬ್ಬರು ಬಿಟ್ಟ ಪುಟ ಇನ್ನೊಬ್ಬರಿಗೆ ಹೋಯಿತು, ಆದರೆ ಹಳೆಯ ನಮೂದು ಅಳಿಸಲಿಲ್ಲ ಎಂದುಕೊಳ್ಳಿ. ಹಳಬರು ಬರೆದದ್ದು ಹೊಸಬರ ಲೆಕ್ಕದ ಮೇಲೆ ಬೀಳುತ್ತದೆ. ಆ ಕ್ಷಣ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ, ಯಾವ ತಪ್ಪೂ ಮಾಡದ ಪ್ರೋಗ್ರಾಂ ಬಿದ್ದುಹೋಗುತ್ತದೆ. ಜುಲೈ ತಿಂಗಳ ರೋಜ್‌ನಾಮ್ಚಾದಲ್ಲಿ, ಅಂದರೆ ದಿನವಹಿಯಲ್ಲಿ, ಆದ ತಪ್ಪು ಮಾರ್ಚ್ 31ರ ತಾಳೆಪಟ್ಟಿಯಲ್ಲಿ ಕಾಣಿಸಿಕೊಂಡ ಹಾಗೆ. ಬಿದ್ದ ಜಾಗದಲ್ಲಿ ಹುಡುಕಿದರೆ ಕಳ್ಳ ಸಿಗುವುದಿಲ್ಲ. ಆ ಹೊತ್ತಿನ ಇಡೀ ಮೆಮೊರಿಯ ನಕಲು ಬೇಕು.

ನಕಲು ತೆಗೆಯುವವರು ಯಾರು ಎಂಬುದೇ ನಿಜವಾದ ಕಷ್ಟ. ಹಿಂದೆ ಸಾಯುತ್ತಿರುವ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕ್‌ಗೆ ಬರೆಯಬೇಕಿತ್ತು. ಆದರೆ ಅದರ ಪುಸ್ತಕವೇ ಕೆಟ್ಟಿದೆಯಲ್ಲ! ವರದಿ ಬರೆಯಲು ಹೋಗಿ ಡಿಸ್ಕ್‌ನಲ್ಲಿರುವ ಒಳ್ಳೆಯ ದಾಖಲೆಗಳ ಮೇಲೆ ಗೀಚಿಬಿಟ್ಟರೆ? ಬ್ಯಾಂಕಿನ ಸರ್ವರ್‌ನಲ್ಲಿ ಹೀಗಾದರೆ ಏನು ಗತಿ, ನೀವೇ ಯೋಚಿಸಿ.

ಇದಕ್ಕೆ ದಾರಿ ಮಾಡಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಐಬಿಎಂನ ಲಿನಕ್ಸ್ ವಿಭಾಗದ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ, ಅಮೆರಿಕದ ಎರಿಕ್ ಬೀಡರ್‌ಮನ್ ಜೊತೆ ಸೇರಿ, 2005ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಕೆಡಂಪ್ ಎಂಬ ವ್ಯವಸ್ಥೆಯ ಬಗ್ಗೆ ಪ್ರಬಂಧ ಮಂಡಿಸಿದರು. ಅದೇ ವರ್ಷ ಅದು ಲಿನಕ್ಸ್ 2.6.13ರಲ್ಲಿ ಸೇರಿತು.

ಉಪಾಯ ಸರಳ. ಕಂಪ್ಯೂಟರ್ ಶುರುವಾಗುವಾಗಲೇ ಸ್ವಲ್ಪ ರ‍್ಯಾಮ್ ಅನ್ನು ಪಕ್ಕಕ್ಕೆ ತೆಗೆದಿಟ್ಟು, ಅದರಲ್ಲಿ ಎರಡನೆಯ ಕರ್ನಲ್ ಅನ್ನು ಮಲಗಿಸಿಡುತ್ತಾರೆ. ಮೊದಲನೆಯದು ಸತ್ತ ಕೂಡಲೇ ಇದು ಏಳುತ್ತದೆ. ಏಳುವ ಮೊದಲು ಅದರ ಚೆಕ್‌ಸಮ್ ಸರಿಯಿದೆಯೇ ಎಂಬ ಪರೀಕ್ಷೆಯೂ ಉಂಟು. ತನ್ನ ಮೂಲೆಯಲ್ಲೇ ಕೂತು, ಸತ್ತವನ ಮೆಮೊರಿಯನ್ನು ಓದಿ ಫೈಲಿಗೆ ಇಳಿಸುತ್ತದೆ. ಅಂಗಡಿಯ ಗುಮಾಸ್ತನ ಕೈಯಲ್ಲೇ ಆಡಿಟ್ ಮಾಡಿಸದೆ ಹೊರಗಿನ ಆಡಿಟರ್‌ನನ್ನು ಕರೆದ ಹಾಗೆ. ಆ ರ‍್ಯಾಮ್ ದಿನವಿಡೀ ಸುಮ್ಮನೆ ಬಿದ್ದಿರುತ್ತದೆ, ನಿಜ. ವಿಮೆಯ ಪ್ರೀಮಿಯಂ ಕೂಡ ಹಾಗೆಯೇ ಅಲ್ಲವೇ?

ಆಮೇಲೆ ಪತ್ತೇದಾರಿ ಕೆಲಸ. ಹಾಳಾದ ಪುಟದಲ್ಲಿ ಏನು ಬಿದ್ದಿದೆ ಎಂದು ನೋಡುತ್ತಾರೆ. ನೆಟ್‌ವರ್ಕ್ ಪ್ಯಾಕೆಟ್‌ನ ಚೂರು ಸಿಕ್ಕರೆ ಅನುಮಾನ ಆ ಡ್ರೈವರ್ ಮೇಲೆ. ಲಿನಕ್ಸ್‌ನಲ್ಲಿ ಡೀಬಗ್ ಆಯ್ಕೆ ಹಾಕಿದ್ದರೆ, ಕರ್ನಲ್ ವಾಪಸ್ ಪಡೆದ ಮೆಮೊರಿ ತುಂಡುಗಳಿಗೆ 6ಬಿ ಎಂಬ ಗುರುತನ್ನು ತುಂಬಿಸಿಡುತ್ತದೆ. ಕುಸಿದ ಜಾಗದ ವಿಳಾಸದಲ್ಲಿ 6ಬಿ 6ಬಿ 6ಬಿ ಎಂದು ಸಾಲಾಗಿ ಕಂಡರೆ, ಯಾರೋ ಮುಚ್ಚಿದ ಖಾತೆಯನ್ನು ಇನ್ನೂ ಬಳಸುತ್ತಿದ್ದಾರೆ ಎಂದರ್ಥ.