ಮುಯ್ಯಿ ತೀರಿಸುವ ಬಗೆ

ಪ್ರೀತಿಯ ಪುಟ್ಟಿ,

ಒಕ್ಲಹೋಮದ ತಾಲೆಕ್ವಾದಿಂದ ನೀನು ಕಳಿಸಿದ ಬೀದಿ ಫಲಕದ ಫೋಟೊ ತಲುಪಿತು. ಇಂಗ್ಲಿಷಿನ ಜೊತೆಗಿದ್ದ, ಅಮೆರಿಕದ ಮೂಲನಿವಾಸಿ ಚೆರೊಕೀ ಜನರ ಆ ಅಕ್ಷರಗಳ ಬಗ್ಗೆ ಅಂದಿನಿಂದ ಓದುತ್ತಲೇ ಇದ್ದೇನೆ.

ಯಾವ ಭಾಷೆಯಲ್ಲೂ ಓದು ಬರಹ ಬಾರದ ಸಿಕ್ವೋಯ ಎಂಬ ಚೆರೊಕೀ ವರ್ಷಗಟ್ಟಲೆ ಕೂತು 1821ರಲ್ಲಿ ಪೂರೈಸಿದ ಲಿಪಿ ಅದು. ಈಗ ಬಳಕೆಯಲ್ಲಿರುವುದು 85 ಅಕ್ಷರ. ನಮ್ಮ ಹಾಗೆ ಕಾಗುಣಿತವಿಲ್ಲ. ಗ, ಗಿ, ಗು ಒಂದೊಂದಕ್ಕೂ ಬೇರೆಯದೇ ಮುಖ. 1828ಕ್ಕೆ ಆ ಲಿಪಿಯಲ್ಲಿ ಪತ್ರಿಕೆಯೂ ಬಂತು. ಮುಂದಿನ ಹತ್ತು ವರ್ಷದಲ್ಲಿ ಅಮೆರಿಕದ ಸೈನ್ಯ ಬಂದು ಚೆರೊಕೀ ಜನರನ್ನು ಸ್ವಂತ ನೆಲದಿಂದ ಎಬ್ಬಿಸಿತು. ಸುಮಾರು 4000 ಜೀವ ಹೋಯಿತೆನ್ನುತ್ತಾರೆ. ಆಮೇಲೆ ವಸತಿ ಶಾಲೆಗಳಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಪೆಟ್ಟು. ಪೆಟ್ಟು ತಿಂದವರು ತಂದೆತಾಯಿಯಾದಾಗ, ನಮ್ಮ ಮಕ್ಕಳಿಗಾದರೂ ಈ ಪಾಡು ಬೇಡವೆಂದು ಎಷ್ಟೋ ಮಂದಿ ಮನೆಯಲ್ಲೂ ಆ ಮಾತು ನಿಲ್ಲಿಸಿದರು. 2019ರಲ್ಲಿ ಮೂರು ಚೆರೊಕೀ ಪಂಗಡಗಳೂ ಒಟ್ಟಾಗಿ ಭಾಷೆಗೆ ತುರ್ತು ಪರಿಸ್ಥಿತಿ ಸಾರಿದಾಗ ಸರಾಗವಾಗಿ ಮಾತಾಡುವವರು ಸುಮಾರು 2000. ಹೆಚ್ಚಿನವರು ನನ್ನ ವಯಸ್ಸಿನವರು.

ಆದರೂ ಕೈಕಟ್ಟಿ ಕೂರಲಿಲ್ಲ ಕಣಮ್ಮ. ಚೆರೊಕೀಯಲ್ಲೇ ಪಾಠ ನಡೆಯುವ ಶಾಲೆ ತಾಲೆಕ್ವಾದಲ್ಲಿ 2001ರಲ್ಲಿ ಶುರುವಾಯಿತು. ನಾರ್ತ್ ಕೆರೊಲಿನಾದಲ್ಲೂ ಅಂಥದ್ದೊಂದಿದೆ. ದೊಡ್ಡವರಿಗೆ ಸಂಬಳ ಕೊಟ್ಟು ಎರಡು ವರ್ಷ, ವಾರಕ್ಕೆ 40 ಗಂಟೆ ಹಿರಿಯರ ಬಳಿ ಕೂರಿಸುತ್ತಾರೆ. ಬೇರೆ ಕೆಲಸವಿಲ್ಲ, ಭಾಷೆ ಕಲಿಯುವುದೇ ಕೆಲಸ. ಹಾಗೆ ಕಲಿತವರಲ್ಲಿ ಹಲವರು ಮಕ್ಕಳಿಗೆ ಮೇಷ್ಟರಾಗುತ್ತಾರೆ. 1975ರಲ್ಲಿ ಚೆರೊಕೀ ನಿಘಂಟು ಕೊಟ್ಟ ಡರ್ಬಿನ್ ಫೀಲಿಂಗ್ ಅವರ ಹೆಸರಿನಲ್ಲಿ ಈಗ ದೊಡ್ಡ ಭಾಷಾ ಕೇಂದ್ರವೇ ಎದ್ದಿದೆ. ಸಾಧ್ಯವಾದರೆ ನೋಡಿಕೊಂಡು ಬಾ.

ಇದಕ್ಕೆಲ್ಲ ಅವರು ಹೇಳುವ ಮಾತು 'ಗದುಗಿ', ಎಲ್ಲರೂ ಕೂಡಿ ದುಡಿಯುವುದು. ಓದಿದೊಡನೆ ನಮ್ಮ ಮುಯ್ಯಾಳು ನೆನಪಾಯಿತು. ನಾಟಿಯ ದಿನ ನಮ್ಮ ಗದ್ದೆಗೆ ಬಂದವರಿಗೆ ದುಡ್ಡು ಕೊಡುತ್ತಿರಲಿಲ್ಲ. ಅವರ ಗದ್ದೆಗೆ ಹೋಗಿ ಬಗ್ಗಿ ನಿಲ್ಲುತ್ತಿದ್ದೆವು. ಮುಯ್ಯಿ ತೀರುತ್ತಿದ್ದುದು ಮೈಮುರಿದು ದುಡಿದಾಗಲೇ.

ಭಾಷೆಯ ಮುಯ್ಯಿಯೂ ಹಾಗೆಯೇ. ಕನ್ನಡ ತಪ್ಪಾಗುತ್ತದೆಂದು ನೀನು ಹೋದ ಸಲ ಇಂಗ್ಲಿಷಿನಲ್ಲಿ ಬರೆದೆ. ತಪ್ಪಾಗಲಿ ಮಗಳೇ, ಕನ್ನಡದಲ್ಲೇ ಬರಿ. ನಿನ್ನಜ್ಜಿ ಒಗಟು ಹೇಳಿ ಹೇಳಿ ನಿನಗೆ ತುತ್ತಿಟ್ಟ ಮುಯ್ಯಿ ಇನ್ನೂ ಬಾಕಿಯಿದೆ. ತೀರಿಸಿಕೊಳ್ಳಲು ಅವಳಿಲ್ಲ. ಮುಂದೆ ನಿನ್ನ ಮಡಿಲಿಗೆ ಬರುವ ಮಗುವಿಗೆ ಆ ಒಗಟು ಹೇಳು.

ಇಂತಿ,
ನಿನ್ನ ತಾತ